ತವರದ ಊರಿನಲ್ಲಿ ಪೂರ್ವಿಕರ ವಿಳಾಸ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಅಟ್ಲಾಂಟಿಕ್ ಸಾಗರದತ್ತ ಚಾಚಿಕೊಂಡಿರುವ ಕಾರ್ನ್‌ವಾಲ್ ಸೀಮೆಯ ಉತ್ತರ ಕರಾವಳಿಯಲ್ಲಿ ಸೇಂಟ್ ಆಗ್ನೆಸ್ ಎಂಬ ಹಳ್ಳಿಯಿದೆ. ಬೇಸಿಗೆಯಲ್ಲಿ ಕಡಲಿಗಿಳಿಯಲು, ಅಲೆಗಳ ಮೇಲೆ ಹಲಗೆ ಸವಾರಿ ಮಾಡಲು ಬರುವ ಪ್ರವಾಸಿಗರಿಂದ ತುಂಬಿಹೋಗುವ ಈ ಊರು ಒಂದು ಕಾಲಕ್ಕೆ ತವರ ಮತ್ತು ತಾಮ್ರದ ಅದಿರನ್ನು ನಂಬಿ ಬದುಕಿತ್ತು. ಕಡಲ ಬಂಡೆಯ ಅಂಚಿನಲ್ಲಿ ಚಾವಣಿಯಿಲ್ಲದೆ ನಿಂತಿರುವ ಎಂಜಿನ್ ಮನೆಗಳು, ಅಂದರೆ ಗಣಿಯಿಂದ ನೀರೆತ್ತುವ ಉಗಿಯಂತ್ರಗಳಿಗಾಗಿ ಕಟ್ಟಿದ ಎತ್ತರದ ಕಲ್ಲುಕಟ್ಟಡಗಳು, ಆ ಕಾಲದ ಗುರುತುಗಳಾಗಿ ಉಳಿದಿವೆ. 2006ರಲ್ಲಿ ಯುನೆಸ್ಕೊ ಸಂಸ್ಥೆಯು ಕಾರ್ನ್‌ವಾಲ್ ಹಾಗೂ ಪಶ್ಚಿಮ ಡೆವನ್‌ನ ಗಣಿನಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರ ಹತ್ತು ವಿಭಾಗಗಳಲ್ಲಿ ಸೇಂಟ್ ಆಗ್ನೆಸ್ ಕೂಡ ಒಂದಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಊರುಗಳಿಂದ ಹೊರಟು ಆಸ್ಟ್ರೇಲಿಯ, ಅಮೆರಿಕ, ಮೆಕ್ಸಿಕೊ, ದಕ್ಷಿಣ ಆಫ್ರಿಕ ಮತ್ತು ಭಾರತದ ಗಣಿಗಳಿಗೆ ಚೆದುರಿಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ತಮ್ಮ ಹಿರಿಯರು ಬದುಕಿದ ಮನೆ ಯಾವುದು, ಇಳಿದ ಗಣಿ ಯಾವುದು ಎಂದು ಹುಡುಕುತ್ತಾರೆ.

ಈ ಹುಡುಕಾಟಕ್ಕೆ ಬೇಕಾದ ದಾಖಲೆಗಳಿಗೆ ಇಂಗ್ಲೆಂಡಿನಲ್ಲಿ ಕೊರತೆಯಿಲ್ಲ. ನಮ್ಮಲ್ಲಿ ವಂಶಾವಳಿ ಹೇಳುವ ಹೆಳವರು ಎತ್ತಿನ ಮೇಲೆ ಊರೂರು ಸುತ್ತಿ ಬಾಯಲ್ಲಿ ಉಳಿಸಿಕೊಂಡು ಬಂದಿದ್ದನ್ನು ಅಲ್ಲಿ ಚರ್ಚು ಮತ್ತು ಸರ್ಕಾರ ಕಾಗದದ ಮೇಲೆ ಉಳಿಸಿಕೊಂಡಿವೆ. ತೊಡಕು ಬರುವುದು ಹೆಸರುಗಳಲ್ಲಿ. ಜಾನ್, ವಿಲಿಯಂ, ಥಾಮಸ್, ರಿಚರ್ಡ್ ಎಂಬ ನಾಲ್ಕಾರು ಹೆಸರುಗಳೇ ತಲೆತಲಾಂತರವಾಗಿ ಮರುಕಳಿಸುವ, ಆ ಹೆಸರುಗಳೇ ಮನೆತನದ ಹೆಸರುಗಳೂ ಆಗಿಬಿಡುವ ನಾಡಿನಲ್ಲಿ, ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಕಸುಬಿನ ಇಬ್ಬರು ಮೂವರು ಒಂದೇ ಊರಿನಲ್ಲಿ ಸಿಗುವುದು ಸಾಮಾನ್ಯ. ಅವರಲ್ಲಿ ತನ್ನ ಮುತ್ತಜ್ಜ ಯಾರು ಎಂಬುದನ್ನು ಹೆಸರೊಂದನ್ನೇ ಹಿಡಿದು ತೀರ್ಮಾನಿಸಿದವರು ಬೇರೆಯವರ ವಂಶವೃಕ್ಷವನ್ನು ತಮ್ಮ ಗೋಡೆಗೆ ತೂಗುಹಾಕಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಇದನ್ನು ತಪ್ಪಿಸುವ ದಾರಿ ಎಂದರೆ ಮನುಷ್ಯನ ಜೊತೆಗೆ ಅವನಿದ್ದ ಬೀದಿಯನ್ನೂ ಹುಡುಕುವುದು. ಯಾವ ಕೇರಿಯಲ್ಲಿ ಯಾವ ಮನೆಯಲ್ಲಿ ಯಾರ ನೆರೆಯಲ್ಲಿ ಇದ್ದ ಎಂಬುದು ಗೊತ್ತಾದ ಮೇಲೆಯೇ ಹೆಸರಿಗೆ ಒಬ್ಬ ಮನುಷ್ಯ ಸಿಗುತ್ತಾನೆ.

ಸೇಂಟ್ ಆಗ್ನೆಸ್‌ನ ನೆಲದ ರೂಪವೇ ಇದಕ್ಕೆ ಅನುಕೂಲವಾಗಿದೆ. ಮೇಲೆ ಗುಡ್ಡದ ಬೆನ್ನಿಗೆ ಚರ್ಚು ಮತ್ತು ಅದರ ಸುತ್ತಲಿನ ಅಂಗಡಿ, ಹೋಟೆಲುಗಳಿರುವ ಮೇಲೂರು. ಕೆಳಗೆ ಕಣಿವೆಯಲ್ಲಿ ಪೀಟರ್‌ವಿಲ್ ಎಂಬ ಕೆಳಗೇರಿ. ಇವೆರಡರ ನಡುವಿನ ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಸ್ಟಿಪ್ಪಿ ಸ್ಟ್ಯಾಪ್ಪಿ ಎಂಬ ಒಂದೇ ಸಾಲಿನ ಹಳೆಯ ಮನೆಗಳು. ಅಲ್ಲಿಂದ ಮುಂದೆ ದಾರಿ ಟ್ರೆವಾನನ್ಸ್ ಎಂಬ ಸಣ್ಣ ಕೊಲ್ಲಿಯ ದಂಡೆಗೆ ಮುಟ್ಟುತ್ತದೆ. ಗೂನ್‌ವ್ರೇ, ಗೂನೌನ್, ಟ್ರೆವೆಲ್ಲಸ್, ಮಿಥಿಯನ್ ಮೊದಲಾದ ಸಣ್ಣ ಕೇರಿಗಳು ಸುತ್ತಲೂ ಹರಡಿಕೊಂಡಿದ್ದು, ಅವುಗಳಲ್ಲಿ ಕೆಲವು ಗಣಿಗೆ ನಡೆದು ಹೋಗಿಬರುವ ಕಾಲುದಾರಿಗಳ ಪಕ್ಕದಲ್ಲೇ ಬೆಳೆದವು. ಬೆಳಗಿನ ಪಾಳಿಗೆ ಕತ್ತಲಲ್ಲೇ ಹೊರಡಬೇಕಾದವನು ಸಾಧ್ಯವಾದಷ್ಟು ಗಣಿಯ ಹತ್ತಿರವೇ ಮನೆ ನೋಡಿಕೊಳ್ಳುತ್ತಿದ್ದುದರಿಂದ, ಕೇರಿ ತಿಳಿದರೆ ಅವನು ಇಳಿದಿರಬಹುದಾದ ಗಣಿಗಳ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ.

ಸ್ಟಿಪ್ಪಿ ಸ್ಟ್ಯಾಪ್ಪಿಯ ಮನೆಗಳನ್ನು ಕಪ್ತಾನರಿಗಾಗಿ ಕಟ್ಟಲಾಯಿತು ಎಂಬ ಪ್ರತೀತಿ ಊರಿನಲ್ಲಿದೆ. ಊರಿಗೆ ಬಂದರು ಇದ್ದುದರಿಂದ ಹಡಗಿನ ಕಪ್ತಾನರು ಅಲ್ಲಿ ವಾಸಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಲ್ವಿಚಾರಕನನ್ನೂ ಕಪ್ತಾನನೆಂದೇ ಕರೆಯುತ್ತಿದ್ದರು. ನೆಲದಡಿಯ ಕೆಲಸ ನೋಡುವ ಕಪ್ತಾನ, ಮೇಲೆ ಅದಿರು ಹಸನು ಮಾಡುವ ಅಂಗಳ ನೋಡುವ ಕಪ್ತಾನ ಎಂದು ಇಬ್ಬರು ಮೂವರು ಒಂದೊಂದು ಗಣಿಯಲ್ಲೂ ಇರುತ್ತಿದ್ದರು. ಮನೆತನದ ಹಿರಿಯನೊಬ್ಬ ಕಪ್ತಾನನಾಗಿದ್ದನೆಂದು ಕೇಳಿಬಂದ ಕೂಡಲೇ ಅವನಿಗೆ ಹಡಗು ಕೊಟ್ಟುಬಿಡುವ ಮೊದಲು ಜನಗಣತಿಯಲ್ಲಿ ಅವನ ಕಸುಬಿನ ಕಲಮನ್ನು ನೋಡಬೇಕಾಗುತ್ತದೆ.

ಬಂದರಿನ ಕಥೆ ಊರಿನ ಅರ್ಧ ಚರಿತ್ರೆಯೇ ಸರಿ. ಉತ್ತರದ ದಿಕ್ಕಿಗೆ ತೆರೆದುಕೊಂಡ ಆ ಕೊಲ್ಲಿಯಲ್ಲಿ ಸಾಗರದ ಹೊಡೆತಕ್ಕೆ ನಿಲ್ಲುವ ಕಟ್ಟೆ ಕಟ್ಟುವುದು ಸುಲಭವಿರಲಿಲ್ಲ. ಟಾಂಕಿನ್ ಎಂಬ ಸ್ಥಳೀಯ ಜಮೀನ್ದಾರ ಮನೆತನ ಹದಿನೇಳನೆಯ ಶತಮಾನದಿಂದ ಮತ್ತೆ ಮತ್ತೆ ಪ್ರಯತ್ನಿಸಿ ಕೈಸುಟ್ಟುಕೊಂಡಿತು. 1793ರಲ್ಲಿ ಆರಂಭವಾದ ಕಟ್ಟೆ ಮಾತ್ರ ನೂರು ವರ್ಷಕ್ಕೂ ಮಿಕ್ಕಿ ಉಳಿಯಿತು. ಸಮುದ್ರದಾಚೆಯ ದಕ್ಷಿಣ ವೇಲ್ಸ್‌ನಿಂದ ಉಗಿಯಂತ್ರಗಳಿಗೆ ಕಲ್ಲಿದ್ದಲು ಬರುತ್ತಿತ್ತು, ಅದೇ ಹಡಗುಗಳಲ್ಲಿ ತಾಮ್ರದ ಅದಿರು ಸ್ವಾನ್ಸಿಯ ಕುಲುಮೆಗಳಿಗೆ ಹೋಗುತ್ತಿತ್ತು. ಒಂದು ಟನ್ ತಾಮ್ರದ ಅದಿರು ಕರಗಿಸಲು ಅದಕ್ಕಿಂತ ಹೆಚ್ಚು ಕಲ್ಲಿದ್ದಲು ಬೇಕಿದ್ದುದರಿಂದ, ಕಲ್ಲಿದ್ದಲಿಲ್ಲದ ಕಾರ್ನ್‌ವಾಲ್‌ನಿಂದ ಅದಿರನ್ನೇ ಕಳುಹಿಸುವುದು ಅಗ್ಗವಾಗಿತ್ತು. ದಂಡೆಯ ಮೇಲಿನ ಕಡಿದಾದ ಬಂಡೆಯ ನೆತ್ತಿಗೆ ಸರಕನ್ನು ಕುದುರೆಗಳು ತಿರುಗಿಸುವ ರಾಟೆಯಿಂದ ಏರಿಸಿ ಇಳಿಸುತ್ತಿದ್ದರು. 1915–16ರ ಬಿರುಗಾಳಿಗಳಲ್ಲಿ ಈ ಕಟ್ಟೆಯೂ ಒಡೆದುಹೋಯಿತು. ಅದರ ಕಗ್ಗಲ್ಲಿನ ದಿಮ್ಮಿಗಳು ಇಂದಿಗೂ ನೀರಿಳಿದಾಗ ಕೊಲ್ಲಿಯ ಬಾಯಲ್ಲಿ ರಾಶಿಬಿದ್ದಿರುವುದು ಕಾಣುತ್ತದೆ.

ಗಣಿಗಳ ಹೆಸರುಗಳನ್ನು ಕೇಳಿದರೆ ಊರಿನ ಹೆಂಗಸರ ಹೆಸರು ಕೇಳಿದಂತಾಗುತ್ತದೆ: ವ್ಹೀಲ್ ಕಿಟ್ಟಿ, ವೆಸ್ಟ್ ಕಿಟ್ಟಿ, ವ್ಹೀಲ್ ಷಾರ್ಲಟ್. ವ್ಹೀಲ್ ಎಂದರೆ ಕಾರ್ನಿಷ್ ನುಡಿಯಲ್ಲಿ ಕೆಲಸದ ಜಾಗ, ಗಣಿ ಎಂದರ್ಥ. ಇವುಗಳ ಜೊತೆಗೆ ಪೋಲ್‌ಬೆರೊ, ಬ್ಲೂ ಹಿಲ್ಸ್, ವ್ಹೀಲ್ ಕೋಟ್ಸ್ ಮೊದಲಾದವು ಸುತ್ತಲೂ ಇದ್ದವು. ಬಂಡೆಯ ಅರ್ಧ ಎತ್ತರದಲ್ಲಿ ಕಡಲನ್ನೇ ದಿಟ್ಟಿಸುತ್ತ ನಿಂತಿರುವ ವ್ಹೀಲ್ ಕೋಟ್ಸ್‌ನ ಟೊವನ್‌ರೋತ್ ಎಂಜಿನ್ ಮನೆಯನ್ನು 1872ರಲ್ಲಿ ಕಟ್ಟಿದರು. ಈ ಗಣಿ 1889ರಲ್ಲಿ ಮುಚ್ಚಿ, 1911ರಲ್ಲಿ ಕೆಲಕಾಲಕ್ಕೆ ಮತ್ತೆ ತೆರೆದು 1914ರ ವೇಳೆಗೆ ನಿಂತುಹೋಯಿತು. ಗಣಿಗಳು ಹೀಗೆ ಲೋಹದ ಬೆಲೆಯೊಂದಿಗೆ ತೆರೆಯುತ್ತ ಮುಚ್ಚುತ್ತ ಇದ್ದುದರಿಂದ ಗಣಿಗಾರನ ಕುಟುಂಬವೂ ಕೇರಿಯಿಂದ ಕೇರಿಗೆ ಸರಿಯುತ್ತಿತ್ತು. ಒಂದು ಮನೆಯ ಮಕ್ಕಳು ಮೂರು ಬೇರೆ ಬೇರೆ ಕಡೆ ಹುಟ್ಟಿದ್ದಾರೆಂದು ಜನಗಣತಿ ಹೇಳಿದರೆ ಅದರ ಹಿಂದೆ ಮುಚ್ಚಿದ ಎರಡು ಗಣಿಗಳಾದರೂ ಇರಬಹುದೆಂದು ಊಹಿಸಲು ಅಡ್ಡಿಯಿಲ್ಲ.

ಜನಗಣತಿಯೇ ಈ ಹುಡುಕಾಟದ ಬೆನ್ನೆಲುಬು. ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯ ಮನೆವಾರು ವಿವರಗಳು ನೂರು ವರ್ಷ ಗೋಪ್ಯವಾಗಿದ್ದು ಆಮೇಲೆ ಸಾರ್ವಜನಿಕರಿಗೆ ಸಿಗುತ್ತವೆ. ಹೆಸರುಗಳನ್ನು ದೇಶವ್ಯಾಪಿಯಾಗಿ ದಾಖಲಿಸಿದ ಮೊದಲ ಉಪಯುಕ್ತ ಗಣತಿ 1841ರದು, ಆದರೆ ಅದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿದ್ದುದರಿಂದ ಮೂವತ್ತೊಂಬತ್ತರ ಗಣಿಗಾರ ಮೂವತ್ತೈದರವನಾಗುತ್ತಾನೆ. ಹುಟ್ಟೂರಿನ ಹೆಸರೂ ಇಲ್ಲ, ಇದೇ ಸೀಮೆಯಲ್ಲಿ ಹುಟ್ಟಿದವನೋ ಅಲ್ಲವೋ ಎಂಬಷ್ಟು ಮಾತ್ರ. 1851ರಿಂದ ನಿಖರ ವಯಸ್ಸು, ಹುಟ್ಟಿದ ಊರು, ಮನೆಯ ಯಜಮಾನನೊಂದಿಗಿನ ಸಂಬಂಧ ದೊರೆಯುತ್ತವೆ. 1911ರ ಗಣತಿಯಲ್ಲಿ ಯಜಮಾನ ತಾನೇ ತುಂಬಿದ ನಮೂನೆ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಹೋದವರೆಷ್ಟು ಎಂಬ ಪ್ರಶ್ನೆಗಳಿಗೆ ಅವನದೇ ಕೈಬರಹದ ಉತ್ತರಗಳನ್ನು ಓದುವುದು ಎಂಥವರಿಗೂ ಸುಲಭವಲ್ಲ. 2022ರ ಜನವರಿಯಲ್ಲಿ ಬಿಡುಗಡೆಯಾದ 1921ರ ಗಣತಿಯಲ್ಲಿ ಕೆಲಸ ಕೊಟ್ಟವರ ಹೆಸರೂ ಕೆಲಸದ ಜಾಗವೂ ಇದ್ದು, ತವರದ ಬೆಲೆ ಕುಸಿದು ಕಾರ್ನ್‌ವಾಲ್‌ನ ಬಹುತೇಕ ಗಣಿಗಳು ಸ್ತಬ್ಧವಾಗಿದ್ದ ವರ್ಷವೇ ಅದಾದ್ದರಿಂದ ಗಣಿಗಾರರ ಹೆಸರಿನ ಮುಂದೆ ಕೆಲಸವಿಲ್ಲ ಎಂಬ ಷರಾ ಕಾಣಸಿಗುತ್ತದೆ. ಮುಂದಿನ 1931ರ ಗಣತಿಯ ಕಾಗದಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ.

ಈ ಗಣತಿ ಪುಸ್ತಕಗಳನ್ನು ಬೀದಿ ಹುಡುಕಲು ಬಳಸುವವರು ಮೊದಲು ಬೀಳುವುದು ಒಂದೇ ಗುಂಡಿಗೆ. ಪುಟದ ಎಡ ಅಂಚಿನಲ್ಲಿ ಪ್ರತಿ ಕುಟುಂಬದ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು ಮನೆಯ ನಂಬರಲ್ಲ, ಗಣತಿದಾರ ತಾನು ಹಂಚಿದ ನಮೂನೆಗಳಿಗೆ ಹಾಕಿಕೊಂಡ ಕ್ರಮಸಂಖ್ಯೆ. ಹಳ್ಳಿಯ ಮನೆಗಳಿಗೆ ಆಗ ನಂಬರುಗಳೇ ಇರಲಿಲ್ಲ, ಹಲವೆಡೆ ಬೀದಿಯ ಹೆಸರಿನ ಬದಲು ಕೇರಿಯ ಹೆಸರನ್ನಷ್ಟೇ ಬರೆದು ಮುಂದೆ ಹೋಗಿದ್ದಾರೆ. ಆದರೂ ಪುಸ್ತಕದ ಆರಂಭದಲ್ಲಿ ಗಣತಿದಾರ ತನ್ನ ಪಾಲಿಗೆ ಬಂದ ಪ್ರದೇಶದ ಎಲ್ಲೆಯನ್ನು ವಿವರಿಸಿರುತ್ತಾನೆ, ಒಳಗಿನ ಪುಟಗಳು ಬಹುಮಟ್ಟಿಗೆ ಅವನು ನಡೆದ ಹಾದಿಯ ಕ್ರಮದಲ್ಲೇ ಇರುತ್ತವೆ. ಪಾದ್ರಿಯ ಮನೆ, ಹೆಂಡದಂಗಡಿ, ಹಿಟ್ಟಿನ ಗಿರಣಿ, ಕಮ್ಮಾರಸಾಲೆಯಂಥ ಗುರುತಿನ ಕಟ್ಟಡಗಳು ಬಂದ ಕಡೆ ಗೂಟ ನೆಟ್ಟುಕೊಂಡು, ಅಂಥ ಎರಡು ಕಟ್ಟಡಗಳ ನಡುವೆ ಎಷ್ಟು ಕುಟುಂಬಗಳಿವೆ ಎಂದು ಎಣಿಸಿ, ಅದನ್ನು ನಕ್ಷೆಯ ಮನೆಗಳ ಮೇಲೆ ಹೊಂದಿಸಿದರೆ ಯಾವ ಮನೆ ಯಾರದು ಎಂಬುದು ಮಬ್ಬುಮಬ್ಬಾಗಿಯಾದರೂ ಕಾಣತೊಡಗುತ್ತದೆ. ಗಣತಿದಾರ ಬೀದಿಯ ಒಂದೇ ಬದಿ ಹಿಡಿದು ಹೋದನೋ, ಎರಡೂ ಬದಿಗೆ ಹಾಯ್ದನೋ ಎಂಬ ಅನುಮಾನ ಮಾತ್ರ ಕೊನೆಯವರೆಗೂ ಬೆನ್ನುಬಿಡುವುದಿಲ್ಲ.

ಹೊಂದಿಸಲು ಬೇಕಾದ ನಕ್ಷೆ ಒದಗುವುದು ಕಂದಾಯದ ಕಡೆಯಿಂದ. ಬೆಳೆಯ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುವ ದಶಾಂಶ ಪದ್ಧತಿಯನ್ನು 1836ರ ಕಾಯಿದೆಯು ಹಣದ ಪಾವತಿಗೆ ಬದಲಾಯಿಸಿದಾಗ, ಯಾವ ತುಂಡು ನೆಲ ಯಾರದು ಎಂದು ಗೊತ್ತುಮಾಡಲು ಬಹುತೇಕ ಪ್ಯಾರಿಷ್‌ಗಳಿಗೆ, ಅಂದರೆ ಒಂದೊಂದು ಚರ್ಚಿನ ಆಡಳಿತಕ್ಕೆ ಸೇರಿದ ಊರುಗಳ ಗುಂಪುಗಳಿಗೆ, ನಕ್ಷೆ ಬರೆಯಿಸಿದರು. ನಮ್ಮ ಸರ್ವೆ ನಕ್ಷೆ ಮತ್ತು ಪಹಣಿಯನ್ನು ಬಲ್ಲವರಿಗೆ ಇದನ್ನು ಓದುವುದು ಕಷ್ಟವಲ್ಲ: ನಕ್ಷೆಯಲ್ಲಿ ಪ್ರತಿ ತುಂಡಿಗೂ ನಂಬರು, ಜೊತೆಗಿನ ಪಟ್ಟಿಯಲ್ಲಿ ಆ ನಂಬರಿನ ಎದುರು ಒಡೆಯ, ಅನುಭವದಲ್ಲಿರುವವನು, ಹೊಲದ ಹೆಸರು, ಬೆಳೆ, ವಿಸ್ತೀರ್ಣ. 1840ರ ಆಸುಪಾಸಿನ ಈ ಪಟ್ಟಿಯನ್ನು 1841ರ ಗಣತಿಯ ಪಕ್ಕದಲ್ಲಿಟ್ಟರೆ ಎರಡರಲ್ಲೂ ಒಂದೇ ನೆರೆಹೊರೆ ಕಾಣುವ ಕಡೆ ಮನೆ ಖಚಿತವಾಗುತ್ತದೆ. ಆಮೇಲಿನ ಬದಲಾವಣೆಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಆರ್ಡ್‌ನೆನ್ಸ್ ಸರ್ವೆಯ ದೊಡ್ಡ ಅಳತೆಯ ನಕ್ಷೆಗಳಿವೆ. ಅವುಗಳಲ್ಲಿ ಒಂದೊಂದು ಮನೆಯ ಗೋಡೆ, ಬಾವಿ, ಪಾಳುಬಿದ್ದ ಗಣಿಬಾಯಿ ಕೂಡ ಗುರುತಾಗಿವೆ. ಕಾರ್ನ್‌ವಾಲ್‌ನ ಇಂಥ ಕಾಗದಗಳು ಈಗ ರೆಡ್ರುತ್ ಪಟ್ಟಣದಲ್ಲಿ ಹಳೆಯ ಮದ್ಯದ ಕಾರ್ಖಾನೆಯೊಂದನ್ನು ನವೀಕರಿಸಿ 2019ರಲ್ಲಿ ತೆರೆದ ಕ್ರೆಸೆನ್ ಕೆರ್ನೊ ಎಂಬ ಪತ್ರಾಗಾರದಲ್ಲಿ ಒಟ್ಟಾಗಿವೆ.

ಗಣಿಗಾರನ ಮನೆಗೆ ಸಂಬಂಧಿಸಿದಂತೆ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವ, ಆದರೆ ಹೆಚ್ಚಿನವರು ಮುಟ್ಟದೆ ಬಿಡುವ ಕಾಗದವೆಂದರೆ ಮೂರು ಜೀವಗಳ ಗೇಣಿಪತ್ರ. ಕಾರ್ನ್‌ವಾಲ್‌ನ ಗಣಿನಾಡಿನಲ್ಲಿ ಜಮೀನ್ದಾರರು ಗಾಳಿ ಬಡಿಯುವ ಕುರುಚಲು ನೆಲವನ್ನು ಸಣ್ಣ ತುಂಡುಗಳಾಗಿ ಗಣಿಗಾರರಿಗೆ ಗೇಣಿಗೆ ಕೊಡುತ್ತಿದ್ದರು. ಗೇಣಿಯ ಅವಧಿ ಕಾಗದದ ಮೇಲೆ ತೊಂಬತ್ತೊಂಬತ್ತು ವರ್ಷ, ಆದರೆ ಪತ್ರದಲ್ಲಿ ಹೆಸರಿಸಿದ ಮೂವರ ಪೈಕಿ ಕೊನೆಯವನು ಸತ್ತ ದಿನ ಅದು ಮುಗಿದುಹೋಗುತ್ತಿತ್ತು. ಗಣಿಗಾರ ಪಾಳಿ ಮುಗಿಸಿ ಬಂದು ಕಲ್ಲು ಆಯ್ದು, ಕುರುಚಲು ಕಡಿದು, ಮಣ್ಣಿಗೆ ಹುಲ್ಲು ಕಲಸಿ ಗೋಡೆ ಎಬ್ಬಿಸಿ, ಆಲೂಗೆಡ್ಡೆಯ ಮಡಿಗಳನ್ನೂ ಒಂದು ಹಂದಿಗೂಡನ್ನೂ ಮಾಡಿಕೊಳ್ಳುತ್ತಿದ್ದ. ಆ ಮೂರನೆಯ ಜೀವ ಹೋದ ಮೇಲೆ ಅವನು ಕಟ್ಟಿದ ಮನೆ, ಹಸನುಗೊಳಿಸಿದ ಹೊಲ ಎಲ್ಲವೂ ಬಿಡಿಗಾಸಿಲ್ಲದೆ ಜಮೀನ್ದಾರನ ಪಾಲಾಗುತ್ತಿದ್ದವು. ಆದ್ದರಿಂದಲೇ ಬಡವರು ತಮ್ಮ ಜೊತೆಗೆ ಮನೆಯ ಎಳೆಯ, ಆರೋಗ್ಯವಂತ ಮಕ್ಕಳ ಹೆಸರನ್ನು ಜೀವವಾಗಿ ಸೇರಿಸುತ್ತಿದ್ದರು. ಮಗುವಿಗೆ ಜ್ವರ ಬಂದರೆ ಮಗುವಿನ ಜೊತೆಗೆ ಮನೆಯೂ ಹೋದೀತೆಂಬ ಭಯ ಹುಟ್ಟಿಸುವ ಈ ಏರ್ಪಾಡು ಕ್ರೂರವಾದದ್ದೇ. ಆದರೆ ವಂಶ ಹುಡುಕುವವರಿಗೆ ಅದೇ ವರವಾಗಿದೆ, ಏಕೆಂದರೆ ಒಂದೇ ಹಾಳೆಯಲ್ಲಿ ಅಪ್ಪ ಮಕ್ಕಳ ಹೆಸರು, ಸಂಬಂಧ, ಹಲವೊಮ್ಮೆ ವಯಸ್ಸು, ಜೊತೆಗೆ ನೆಲದ ಚೆಕ್ಕುಬಂದಿ ಕೂಡ ಸಿಗುತ್ತದೆ.

ಗಣಿಯೊಳಗಿನ ಮನುಷ್ಯನನ್ನು ಕಾಣಲು ಗಣಿಯ ಲೆಕ್ಕದ ಪುಸ್ತಕ ತೆರೆಯಬೇಕು. ಕಾರ್ನ್‌ವಾಲ್‌ನ ಗಣಿಗಳನ್ನು ಪಾಲುದಾರರು ಕೂಡಿ ನಡೆಸುತ್ತಿದ್ದರು. ಖರ್ಚು, ಆದಾಯ, ಕೂಲಿ ಎಲ್ಲವನ್ನೂ ಬರೆಯುವ ಪುಸ್ತಕವನ್ನು ಪಾಲುದಾರರ ಸಭೆಯಲ್ಲಿ ಓದಿ ಲಾಭವನ್ನು ಅಲ್ಲೇ ಹಂಚಿಕೊಳ್ಳುತ್ತಿದ್ದರು, ನಷ್ಟವಾದರೆ ಪ್ರತಿಯೊಬ್ಬನೂ ಕೈಯಿಂದ ಹಾಕಬೇಕಿತ್ತು. ಕೂಲಿಯಲ್ಲಿ ಎರಡು ಬಗೆ. ಅದಿರಿನ ಬೆಲೆಯಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಂಡು ಅಗೆಯುವವರು ಒಂದು ವರ್ಗ. ಸುರಂಗವನ್ನೋ ಬಾವಿಯನ್ನೋ ಇಷ್ಟು ಉದ್ದ ಕೊರೆದರೆ ಇಷ್ಟು ಎಂದು ಅಳತೆಯ ಮೇಲೆ ದುಡಿಯುವವರು ಇನ್ನೊಂದು. ನೆಲದಡಿಯ ತುಂಡುಗಳನ್ನು ಹಂಚುವ ದಿನ ಗಣಿಯ ಕಚೇರಿಯ ಮುಂದೆ ಗಂಡಸರೆಲ್ಲ ಸೇರುತ್ತಿದ್ದರು. ಕಪ್ತಾನ ಮೇಲೆ ನಿಂತು ಒಂದೊಂದು ತುಂಡನ್ನೂ ಹೆಸರಿಸಿ ಕೂಗುತ್ತಿದ್ದ, ಗುಂಪುಗಳು ಒಂದಕ್ಕಿಂತ ಒಂದು ಕಡಿಮೆ ದರ ಹೇಳುತ್ತ ಬರುತ್ತಿದ್ದವು. ಕಪ್ತಾನ ಹರಳೊಂದನ್ನು ಮೇಲಕ್ಕೆ ಎಸೆದರೆ ಅದು ನೆಲ ಮುಟ್ಟುವ ಮೊದಲು ಕೊನೆಯ ದರ ಕೂಗಿದ ಗುಂಪಿಗೆ ಆ ತುಂಡು ಸೇರುತ್ತಿತ್ತು. ಅದಿರಿನ ಸಿರೆಯ ಗುಣ ಬಲ್ಲವನು ತಿಂಗಳಲ್ಲಿ ಹಣವಂತನಾಗುವುದೂ, ಲೆಕ್ಕ ತಪ್ಪಿದವನು ಸಾಲಗಾರನಾಗುವುದೂ ಇದರಿಂದಲೇ. ಪುಸ್ತಕದಲ್ಲಿ ಗುಂಪಿನ ಮುಖ್ಯಸ್ಥನ ಹೆಸರಿನ ಎದುರು ದುಡಿದ ಹಣ, ಅದರಲ್ಲಿ ಮೇಣದಬತ್ತಿಗೆ, ಸಿಡಿಮದ್ದಿಗೆ, ಹಗ್ಗಕ್ಕೆ, ಗಣಿಯ ವೈದ್ಯನಿಗೆ ಮುರಿದುಕೊಂಡದ್ದು, ಕೈಗೆ ಉಳಿದದ್ದು ಎಲ್ಲ ಬರೆದಿರುತ್ತದೆ. ತನ್ನ ಮುತ್ತಜ್ಜ ನೆಲದಡಿಯಲ್ಲಿ ಬಳಸಿದ ಮೇಣದಬತ್ತಿಯ ಹಣವನ್ನು ತಾನೇ ತೆತ್ತಿದ್ದ ಎಂಬುದು ಮರಿಮಗನಿಗೆ ಗೊತ್ತಾಗುವುದು ಇಲ್ಲಿ.

ಹೆಂಗಸರನ್ನು ಹುಡುಕುವವರು ನೆಲದ ಮೇಲೆಯೇ ನೋಡಬೇಕು, ಏಕೆಂದರೆ ಕಾರ್ನ್‌ವಾಲ್‌ನಲ್ಲಿ ಹೆಂಗಸರು ಸುರಂಗಕ್ಕೆ ಇಳಿಯುತ್ತಿರಲಿಲ್ಲ. ಬಾಲ್ ಮೇಡನ್ ಎಂದು ಕರೆಯುತ್ತಿದ್ದ ಹುಡುಗಿಯರು ಮೇಲೆ ಬಂದ ಅದಿರನ್ನು ಸುತ್ತಿಗೆಯಿಂದ ಒಡೆದು, ಆಯ್ದು, ತೊಳೆದು ಹಸನು ಮಾಡುತ್ತಿದ್ದರು. ಮುಖಕ್ಕೆ ಚೂರು ಸಿಡಿಯದಂತೆ, ಬಿಸಿಲು ಗಾಳಿ ತಾಗದಂತೆ ದೊಡ್ಡ ಬಟ್ಟೆಯ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದರು. ಗಣಿಗಳಲ್ಲಿ ಮಕ್ಕಳ ದುಡಿಮೆಯ ಬಗ್ಗೆ 1842ರಲ್ಲಿ ಪ್ರಕಟವಾದ ಸರ್ಕಾರಿ ವಿಚಾರಣಾ ವರದಿಗಾಗಿ ಕಾರ್ನ್‌ವಾಲ್‌ನಲ್ಲಿ ವೈದ್ಯ ಚಾರ್ಲ್ಸ್ ಬಾರಂ ಹುಡುಗ ಹುಡುಗಿಯರ ಹೇಳಿಕೆಗಳನ್ನೇ ಬರೆಸಿಕೊಂಡ. ಯಜಮಾನನ ಕಸುಬನ್ನು ಬರೆದು ಹೆಂಗಸರ ಕಲಮನ್ನು ಖಾಲಿ ಬಿಡುವ ದಾಖಲೆಗಳ ನಡುವೆ ಅವರ ಮಾತೇ ಉಳಿದಿರುವ ಇಂಥ ಪುಟಗಳು ಅಪರೂಪ.

ಹುಟ್ಟು, ಮದುವೆ, ಸಾವುಗಳ ಕಾಗದಗಳನ್ನು ಇಲ್ಲಿ ಬೇಗ ಹೇಳಿ ಮುಗಿಸಬಹುದು. ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಇದೆ. ಅದಕ್ಕೂ ಹಿಂದೆ ಹೋಗಲು 1538ರ ಆಜ್ಞೆಯಿಂದ ಆರಂಭವಾದ ಚರ್ಚಿನ ಪುಸ್ತಕಗಳಿದ್ದು, 1813ರಿಂದ ಬಂದ ಅಚ್ಚಿನ ನಮೂನೆಯಲ್ಲಿ ದೀಕ್ಷಾಸ್ನಾನದ ಎದುರು ತಂದೆಯ ಕಸುಬು ಮತ್ತು ವಾಸಸ್ಥಳ ಸೇರಿಕೊಂಡಿದ್ದರಿಂದ ಕೇರಿ ಹುಡುಕುವವರಿಗೆ ಅನುಕೂಲವಾಯಿತು. ಸೇಂಟ್ ಆಗ್ನೆಸ್ 1846ರವರೆಗೆ ನೆರೆಯ ಪೆರಾನ್‌ಜಾಬ್ಯುಲೊ ಪ್ಯಾರಿಷ್‌ಗೆ ಅಧೀನವಾಗಿತ್ತೆಂಬುದನ್ನು ಮರೆತರೆ ಅರ್ಧ ಕುಟುಂಬ ಕೈತಪ್ಪುತ್ತದೆ. ಜಾನ್ ವೆಸ್ಲಿ 1743ರಿಂದ ಹಲವು ಸಲ ಕಾರ್ನ್‌ವಾಲ್ ಸುತ್ತಿ ಬೋಧಿಸಿದ್ದರಿಂದ ಗಣಿಗಾರರು ದೊಡ್ಡ ಸಂಖ್ಯೆಯಲ್ಲಿ ಮೆಥೊಡಿಸ್ಟ್ ಪಂಥ ಸೇರಿದರು, ಮಕ್ಕಳ ದೀಕ್ಷಾಸ್ನಾನ ಆ ಪಂಥದ ಪುಸ್ತಕಕ್ಕೆ ಹೋಯಿತು. ಆದರೆ 1753ರ ವಿವಾಹ ಕಾಯಿದೆಯ ಪ್ರಕಾರ ಕ್ವೇಕರರು ಮತ್ತು ಯೆಹೂದ್ಯರ ಹೊರತು ಉಳಿದವರೆಲ್ಲ 1837ರವರೆಗೆ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿದ್ದುದರಿಂದ ಅದೇ ದಂಪತಿಯ ಮದುವೆ ಅಲ್ಲಿ ಸಿಗುತ್ತದೆ. ಮರಣಪತ್ರಗಳಲ್ಲಿ ನಲವತ್ತರ ಆಸುಪಾಸಿನ ಗಂಡಸರ ಎದುರು ಕ್ಷಯ ಎಂದು ಬರೆದಿರುವುದನ್ನು ಓದುವಾಗ ಮಾತ್ರ ಸ್ವಲ್ಪ ನಿಲ್ಲಬೇಕು. ಯಂತ್ರದ ಬೈರಿಗೆ ಬಂದ ಮೇಲೆ ಕಲ್ಲಿನ ಧೂಳು ಶ್ವಾಸಕೋಶ ಸೇರಿ ಗಣಿಗಾರರನ್ನು ಕೊಲ್ಲುತ್ತಿತ್ತು; 1904ರಲ್ಲಿ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಕಾರ್ನ್‌ವಾಲ್ ಗಣಿಗಾರರ ಆರೋಗ್ಯದ ಬಗ್ಗೆ ಕೊಟ್ಟ ವರದಿ ಇದನ್ನು ವಿವರಿಸಿದೆ. ಇವರಲ್ಲಿ ಅನೇಕರು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದು ಸಾಯಲು ಊರಿಗೆ ಬಂದವರು.

ಹೊರಗೆ ಹೋದವರ ಕಥೆ 1866ರ ತಾಮ್ರದ ಕುಸಿತದಿಂದ ತೀವ್ರವಾಗುತ್ತದೆ. ಅದಕ್ಕೂ ಮುನ್ನ 1820ರ ದಶಕದಲ್ಲೇ ಮೆಕ್ಸಿಕೊದ ಬೆಳ್ಳಿಯ ಗಣಿಗಳಿಗೆ, 1840ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯದ ಬರ್ರಾ ತಾಮ್ರದ ಗಣಿಗೆ ಹೋಗುವುದು ಆರಂಭವಾಗಿತ್ತು. ಗಣತಿಯಲ್ಲಿ ಯಜಮಾನನ ಜಾಗದಲ್ಲಿ ಹೆಂಡತಿಯ ಹೆಸರಿದ್ದು ಗಣಿಗಾರನ ಮಡದಿ ಎಂದು ಬರೆದಿದ್ದರೆ, ಗಂಡ ಎಲ್ಲೋ ದೂರದ ಗಣಿಯಲ್ಲಿದ್ದಾನೆ ಎಂದು ಭಾವಿಸಿ ಆ ದೇಶಗಳ ದಾಖಲೆ ನೋಡುವುದು ಲೇಸು.

ಹಾಗೆ ಹೊರಟವರ ಒಂದು ದಾರಿ ಕರ್ನಾಟಕಕ್ಕೆ ಮುಟ್ಟುತ್ತದೆ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸಂಸ್ಥಾನದಿಂದ ಪರವಾನಗಿ ಪಡೆದು ಆರಂಭಿಸಿದ ಕೋಲಾರದ ಚಿನ್ನದ ಹುಡುಕಾಟ, 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಬಂದ ಮೇಲೆ ಕೋಲಾರ ಗೋಲ್ಡ್ ಫೀಲ್ಡ್ಸ್ (ಕೆಜಿಎಫ್) ಆಯಿತು. ಈ ಸಂಸ್ಥೆಯ ಮೂಲಪುರುಷ ಜಾನ್ ಟೇಲರ್ (1779–1863) ಕಾರ್ನ್‌ವಾಲ್ ಮತ್ತು ಡೆವನ್‌ನ ತಾಮ್ರದ ಗಣಿಗಳಲ್ಲೇ ಹೆಸರು ಮಾಡಿದವನು; ಹೀಗಾಗಿ ಕೋಲಾರಕ್ಕೂ ಕಪ್ತಾನರು, ಅನುಭವಿ ಗಣಿಗಾರರು ಕಾರ್ನ್‌ವಾಲ್‌ನಿಂದಲೇ ಬಂದರು, ಅಲ್ಲಿನ ಮೇಲ್ವಿಚಾರಕನಿಗೂ ಕ್ಯಾಪ್ಟನ್ ಎಂಬ ಹೆಸರೇ ಅಂಟಿತು. ಇವರ ಕುಟುಂಬಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲುಗಳು ಮದರಾಸು ಪ್ರಾಂತ್ಯದ ಚರ್ಚು ವರದಿಗಳೊಂದಿಗೆ ಲಂಡನ್ನಿಗೆ ಹೋಗಿ ಬ್ರಿಟಿಷ್ ಲೈಬ್ರರಿಯಲ್ಲಿ ಸುರಕ್ಷಿತವಾಗಿವೆ. ಕಾರ್ನ್‌ವಾಲ್‌ನ ವಂಶಜನೊಬ್ಬ ತನ್ನ ಮುತ್ತಜ್ಜ ಕೋಲಾರದಲ್ಲಿ ತೀರಿಕೊಂಡ ದಿನವನ್ನು ಕೂತಲ್ಲೇ ಕಂಡುಕೊಳ್ಳಬಲ್ಲ.

ಅದೇ ಗಣಿಯಲ್ಲಿ ಆ ಮುತ್ತಜ್ಜನೊಂದಿಗೆ ದುಡಿದ ಸಾವಿರಾರು ಕೈಗಳಿಗೆ ಈ ಅನುಕೂಲವಿಲ್ಲ. ಹೆಚ್ಚಾಗಿ ತಮಿಳು ಮತ್ತು ತೆಲುಗು ಸೀಮೆಗಳಿಂದ, ಮೇಸ್ತ್ರಿಗಳ ಮತ್ತು ಕಂಟ್ರಾಕ್ಟರರ ಮೂಲಕ ಬಂದ ಕೂಲಿಗಳು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ, ಲೈನುಗಳೆಂದು ಕರೆಯುವ ಸಾಲುಮನೆಗಳಲ್ಲಿ ಬದುಕಿದರು. ಕಂಪನಿಗೆ ಬೇಕಾಗಿದ್ದುದು ಹಾಜರಿಯ ಲೆಕ್ಕ, ಅವರ ತಂದೆ ತಾಯಿಯರ ಹೆಸರಲ್ಲ. ಬೆರಳಚ್ಚು ಒತ್ತಿಸಿಕೊಂಡು ಕಾರ್ಮಿಕರನ್ನು ನೋಂದಾಯಿಸುವ ಕ್ರಮದ ವಿರುದ್ಧ 1930ರಲ್ಲಿ ಕೆಜಿಎಫ್‌ನಲ್ಲಿ ದೊಡ್ಡ ಮುಷ್ಕರವೇ ನಡೆದಿತ್ತು. ಸೇಂಟ್ ಆಗ್ನೆಸ್‌ನ ಬಡ ಗಣಿಗಾರನನ್ನು ಆಳುವವರು ಸುಲಿದರು, ಆದರೆ ಅವನ ಹೆಸರು, ಕೇರಿ, ಕಸುಬುಗಳನ್ನು ಬರೆದಿಟ್ಟರು. ಕೋಲಾರದ ಕೂಲಿಯ ವಿಷಯದಲ್ಲಿ ಎರಡನೆಯದನ್ನು ಮಾಡಲಿಲ್ಲ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಮನೆಗಳು ಪಾಳುಬೀಳುತ್ತಿವೆ, ಮಕ್ಕಳು ದಿನವೂ ರೈಲು ಹಿಡಿದು ಬೆಂಗಳೂರಿನ ಕೆಲಸಗಳಿಗೆ ಹೋಗುತ್ತಾರೆ.

ಸೇಂಟ್ ಆಗ್ನೆಸ್‌ನಲ್ಲಿ ಸ್ಥಳೀಯರೇ ನಡೆಸುವ ಸಣ್ಣ ವಸ್ತುಸಂಗ್ರಹಾಲಯವೊಂದಿದೆ. ಸ್ಮಶಾನದ ಹಳೆಯ ಪ್ರಾರ್ಥನಾ ಮಂದಿರದಲ್ಲಿರುವ ಅದರೊಳಗೆ ಊರಿನವರ ಮನೆಗಳಿಂದ ಬಂದ ಚಿತ್ರಗಳು, ಕಾಗದಗಳು, ಗಣಿಯ ಸಲಕರಣೆಗಳು ಸೇರಿವೆ. ಕೆಜಿಎಫ್‌ನ ಮಟ್ಟಿಗೂ ಸರ್ಕಾರಿ ದಾಖಲೆ ಕೊಡದಿರುವುದನ್ನು ಮನೆಗಳೇ ಕೊಡಬೇಕಾಗಿದೆ. ಗಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರು ಇಳಿದ ಶಾಫ್ಟಿನ ಹೆಸರು, ವಾಸಿಸಿದ ಲೈನಿನ ಹೆಸರು ಮತ್ತು ಮನೆಯ ನಂಬರು, ಮೊದಲು ಬಂದವರ ಹುಟ್ಟೂರು, ಕರೆತಂದ ಮೇಸ್ತ್ರಿಯ ಹೆಸರು ಇವಿಷ್ಟನ್ನು ಕೇಳಿ ಬರೆದುಕೊಳ್ಳಿ. ಹಳೆಯ ಫೋಟೊಗಳ ಹಿಂದೆ ವ್ಯಕ್ತಿಯ ಹೆಸರಿನ ಜೊತೆಗೆ ಜಾಗದ ಹೆಸರನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಸಂಬಳದ ಚೀಟಿ, ಪಾಸು, ನಿವೃತ್ತಿಯ ಕಾಗದ ಯಾವುದನ್ನೂ ರದ್ದಿಗೆ ಹಾಕಬೇಡಿ.